ಫ್ರೀಜರ್‌ನ ಕರೆಂಟ್ ಬಿಲ್ ಯಾರ ಲೆಕ್ಕಕ್ಕೆ?

ಕಳೆದ ಬೇಸಿಗೆಯ ಒಂದು ಶನಿವಾರ ರಾತ್ರಿ ನಮ್ಮ ವಿಭಾಗದ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಭಾನುವಾರ ಬೆಳಿಗ್ಗೆ ಸೆಕ್ಯುರಿಟಿ ಅಣ್ಣ ಫೋನ್ ಮಾಡಿ, ‘ಮೇಡಂ, ನಿಮ್ಮ ಲ್ಯಾಬ್‌ನಲ್ಲಿ ಏನೋ ಪೀಂ ಪೀಂ ಅಂತ ಕೂಗ್ತಾ ಇದೆ’ ಎಂದರು. ಕೂಗುತ್ತಿದ್ದುದು ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್. ಅದರೊಳಗೆ ಎರಡು ಹಂಗಾಮು ಕಲ್ಯಾಣ ಕರ್ನಾಟಕದ ತೊಗರಿ ಹೊಲಗಳಲ್ಲಿ ಅಲೆದು ನಾನು ತಂದಿದ್ದ ಮಾದರಿಗಳಿದ್ದವು. ನೆಟೆ ರೋಗ ಬಂದ ಗಿಡ, ಅದರ ಪಕ್ಕದಲ್ಲೇ ಆರೋಗ್ಯವಾಗಿ ನಿಂತ ಗಿಡ, ಎರಡರ ಬೇರುಗಳು. ಒಂದು ಸಾಯುತ್ತದೆ, ಪಕ್ಕದ್ದು ಏಕೆ ಉಳಿಯುತ್ತದೆ ಎಂಬುದೇ ನಮ್ಮ ಪ್ರಾಜೆಕ್ಟಿನ ಪ್ರಶ್ನೆ.

ಕಟ್ಟಡದ ಹಿಂದೆ ಜನರೇಟರ್ ಇತ್ತು. ಅದರಲ್ಲಿ ಡೀಸೆಲ್ ಇರಲಿಲ್ಲ. ಕೊನೆಗೆ ಮೀನು ಮಾರುಕಟ್ಟೆಯಿಂದ ಐಸ್ ತಂದು, ಎರಡು ಥರ್ಮೊಕೋಲ್ ಡಬ್ಬಿಗಳಲ್ಲಿ ಮಾದರಿಗಳನ್ನು ತುಂಬಿ, ಆಟೊ ಹಿಡಿದು ಊರಿನ ಇನ್ನೊಂದು ತುದಿಯ ಕಾಲೇಜಿನ ಲ್ಯಾಬ್‌ಗೆ ಹೋದೆ. ‘ಅಕ್ಕಾ, ಮೀನಿನ ವ್ಯಾಪಾರಾನಾ?’ ಎಂದು ಆಟೊದವರು ಕೇಳಿದರು. ಐಸ್, ಡಬ್ಬಿ, ಆಟೊ ಸೇರಿ 640 ರೂಪಾಯಿ ನನ್ನ ಕೈಯಿಂದ ಹೋಯಿತು. ಅದು ದೊಡ್ಡ ಮಾತಲ್ಲ. ಬೇರಿನಿಂದ ತೆಗೆದಿಟ್ಟಿದ್ದ ಆರ್‌ಎನ್‌ಎ ಬಹುತೇಕ ಹಾಳಾಯಿತು. ಅದು ಒಂದು ಇಡೀ ಹಂಗಾಮಿನ ಕೆಲಸ.

ಸೋಮವಾರ ಗೈಡ್ ಮೇಡಂ ಜೊತೆ ಹಣಕಾಸು ವಿಭಾಗಕ್ಕೆ ಹೋದೆವು. ಜನರೇಟರ್‌ಗೆ ಡೀಸೆಲ್ ಹಾಕಿಸಲು ಪ್ರಾಜೆಕ್ಟಿನ ಹಣ ಬಳಸಬಹುದೇ ಎಂದು ಕೇಳಿದೆವು. ‘ನಿಮ್ಮ ಮಂಜೂರಾತಿ ಪತ್ರದಲ್ಲಿ ಆ ಹೆಡ್ ಇಲ್ಲವಲ್ಲ’ ಎಂದರು. ಹಾಗಾದರೆ ಓವರ್‌ಹೆಡ್‌ನಿಂದ ಕೊಡಿ ಎಂದು ಮೇಡಂ ಕೇಳಿದರು. ‘ಓವರ್‌ಹೆಡ್ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗೆ ಹೋಗಿದೆ. ಅದು ನಿಮ್ಮದಲ್ಲ’ ಎಂದರು. ಎರಡು ವರ್ಷದಿಂದ ಪ್ರಾಜೆಕ್ಟಿನಲ್ಲಿದ್ದರೂ ‘ಓವರ್‌ಹೆಡ್’ ಎಂಬ ಮಾತನ್ನು ನಾನು ಗಮನವಿಟ್ಟು ಕೇಳಿದ್ದು ಅಂದೇ.

ಪ್ರಾಜೆಕ್ಟ್ ಫೆಲೋ ಆಗಲು, ಪಿಎಚ್‌.ಡಿ. ಮಾಡಲು ಹೊರಟಿರುವ ಗೆಳೆಯ ಗೆಳತಿಯರಿಗೂ ಈ ಪದದ ಪರಿಚಯ ಇರಲಿಕ್ಕಿಲ್ಲ. ಸಂಶೋಧನೆಗೆ ಬರುವ ಹಣದಲ್ಲಿ ಎರಡು ಭಾಗ. ರಾಸಾಯನಿಕ, ಉಪಕರಣ, ಓಡಾಟ, ನಮ್ಮ ಫೆಲೋಶಿಪ್ ಇವೆಲ್ಲ ನೇರ ವೆಚ್ಚ. ಕಟ್ಟಡ, ಕರೆಂಟು, ನೀರು, ಇಂಟರ್‌ನೆಟ್, ಗ್ರಂಥಾಲಯ, ಲೆಕ್ಕ ಬರೆಯುವವರು, ಆಡಿಟ್, ಲ್ಯಾಬ್ ತ್ಯಾಜ್ಯದ ವಿಲೇವಾರಿ ಪರೋಕ್ಷ ವೆಚ್ಚ. ಇದಕ್ಕೇ ನಮ್ಮಲ್ಲಿ ಓವರ್‌ಹೆಡ್ ಎನ್ನುವುದು. ಹಾಸ್ಟೆಲ್ ಮೆಸ್ ನೆನಪಿಸಿಕೊಳ್ಳಿ. ಅಕ್ಕಿ, ಬೇಳೆ, ತರಕಾರಿ ಇಂತಿಷ್ಟು ಎಂದು ಲೆಕ್ಕ ಹಾಕಬಹುದು. ಆದರೆ ಗ್ಯಾಸ್, ಅಡುಗೆ ಭಟ್ಟರ ಸಂಬಳ, ಪಾತ್ರೆ, ನೀರಿನ ಟ್ಯಾಂಕ್ ಇಲ್ಲದೆ ಆ ಅಕ್ಕಿ ಅನ್ನವಾಗುವುದಿಲ್ಲ. ‘ಅಕ್ಕಿಗೆ ಮಾತ್ರ ದುಡ್ಡು ಕೊಡುತ್ತೇವೆ, ಗ್ಯಾಸಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಲ್ಲ’ ಎಂದು ಯಾರಾದರೂ ಹೇಳಿದರೆ ಮೆಸ್ ನಡೆಸುವವರು ಏನು ಮಾಡಬೇಕು?

ಧನಸಹಾಯ ಕೊಡುವ ಬಹಳಷ್ಟು ಸಂಸ್ಥೆಗಳು ಹೇಳುವುದು ಹೀಗೆಯೇ. ನಮ್ಮ ದೇಶದ ಸರ್ಕಾರಿ ಯೋಜನೆಗಳಲ್ಲಿ ಓವರ್‌ಹೆಡ್ ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು, ಕೆಲವೆಡೆ ಇನ್ನೂ ಕಡಿಮೆ. ನಮ್ಮ ಪ್ರಾಜೆಕ್ಟಿನ ನೇರ ವೆಚ್ಚ ಮೂರು ವರ್ಷಕ್ಕೆ 30 ಲಕ್ಷ, ಓವರ್‌ಹೆಡ್ 3 ಲಕ್ಷ. ಅಂದರೆ ವರ್ಷಕ್ಕೆ 1 ಲಕ್ಷ.

ಆ ಸೋಮವಾರ ರಾತ್ರಿ ಕುಳಿತು ನಾನೊಂದು ಲೆಕ್ಕ ಹಾಕಿದೆ. ನಮ್ಮಂಥ ಹಳೆಯ ಡೀಪ್ ಫ್ರೀಜರ್ ದಿನಕ್ಕೆ 15ರಿಂದ 20 ಯೂನಿಟ್ ಕರೆಂಟ್ ತಿನ್ನುತ್ತದೆ. 18 ಯೂನಿಟ್ ಎಂದು ಹಿಡಿಯಿರಿ, ಯೂನಿಟ್‌ಗೆ 7 ರೂಪಾಯಿ ಎನ್ನಿ. ವರ್ಷಕ್ಕೆ ಸುಮಾರು 46 ಸಾವಿರ ರೂಪಾಯಿ. ಒಂದು ಫ್ರೀಜರ್ ಒಂದೇ ಓವರ್‌ಹೆಡ್‌ನ ಅರ್ಧದಷ್ಟನ್ನು ನುಂಗಿತು. ಎ.ಸಿ., ಆಟೊಕ್ಲೇವ್, ಇನ್‌ಕ್ಯುಬೇಟರ್, ಕಟ್ಟಡದ ರಿಪೇರಿ, ಸೆಕ್ಯುರಿಟಿ ಅಣ್ಣನ ಸಂಬಳ ಎಲ್ಲವೂ ಉಳಿದರ್ಧದಲ್ಲಿ ಆಗಬೇಕು. ಆಗುವುದಿಲ್ಲ. ಆಗದ ಭಾಗವನ್ನು ಯಾರೋ ಒಬ್ಬರು ಹೊರುತ್ತಿದ್ದಾರೆ. ಯಾರು ಎಂಬುದೇ ನನ್ನ ಪ್ರಶ್ನೆ.

ಮಿತಿ ಹಾಕುವವರಿಗೂ ಅವರದ್ದೇ ಕಾರಣಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಕೊಟ್ಟ ಹಣ ಸಂಶೋಧನೆಗೇ ಹೋಗಬೇಕು, ಕಚೇರಿಯ ಸೋಫಾಕ್ಕಲ್ಲ ಎಂಬುದು ನ್ಯಾಯವಾದ ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಗರಣ ಇದಕ್ಕೆ ದೊಡ್ಡ ಉದಾಹರಣೆ. ವಿಹಾರ ನೌಕೆಯ ಸವಕಳಿ, ಅಧ್ಯಕ್ಷರ ಮನೆಯ ಹೂವಿನ ಖರ್ಚು ಇಂಥವೂ ಸಂಶೋಧನೆಯ ಪರೋಕ್ಷ ವೆಚ್ಚದಲ್ಲಿ ಸೇರಿದ್ದುದು 1990–91ರಲ್ಲಿ ಬಯಲಾಯಿತು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಆಗಿನ ಅಧ್ಯಕ್ಷ ಡೊನಾಲ್ಡ್ ಕೆನಡಿ ಹುದ್ದೆ ಬಿಡಬೇಕಾಯಿತು. ಅದಾದ ಮೇಲೆ, ಪರೋಕ್ಷ ವೆಚ್ಚದ ದರದಲ್ಲಿ ಆಡಳಿತದ ಪಾಲು ನೇರ ವೆಚ್ಚದ ನೂರಕ್ಕೆ 26 ಮೀರಬಾರದು ಎಂದು ಅಲ್ಲಿನ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಗೆರೆ ಹಾಕಿತು. ಆ ಗೆರೆ ಈಗಲೂ ಇದೆ.

ಆದರೆ ಅಲ್ಲೊಂದು ವ್ಯವಸ್ಥೆ ಇದೆ. ಪ್ರತಿ ವಿಶ್ವವಿದ್ಯಾಲಯವೂ ತನ್ನ ಕಟ್ಟಡ, ಕರೆಂಟು, ಆಡಳಿತದ ನಿಜವಾದ ಖರ್ಚನ್ನು ಲೆಕ್ಕ ಹಾಕಿ ತೋರಿಸಿ, ಸರ್ಕಾರದೊಂದಿಗೆ ಮಾತುಕತೆ ನಡೆಸಿ ತನ್ನ ದರವನ್ನು ನಿಗದಿ ಮಾಡಿಕೊಳ್ಳುತ್ತದೆ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಅದು ನೂರಕ್ಕೆ 50, 60ರವರೆಗೂ ಇರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ದರ ನೂರಕ್ಕೆ 55 ಎಂದರೆ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುರಿದುಕೊಳ್ಳುತ್ತಾರೆ ಎಂದಲ್ಲ. ನೇರ ವೆಚ್ಚ 100 ಇದ್ದರೆ ಅದರ ಮೇಲೆ 55, ಒಟ್ಟು 155. ಒಟ್ಟು ಹಣದಲ್ಲಿ ಅದು ನೂರಕ್ಕೆ ಸುಮಾರು 35 ಆಗುತ್ತದೆ. ಉಪಕರಣ, ವಿದ್ಯಾರ್ಥಿಗಳ ಶುಲ್ಕ ಮುಂತಾದ ಕೆಲವು ಬಾಬ್ತುಗಳನ್ನು ಈ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ.

ಇದೇ ವಿಶ್ವವಿದ್ಯಾಲಯಗಳು ಖಾಸಗಿ ದತ್ತಿ ಸಂಸ್ಥೆಗಳಿಂದ ಮಾತ್ರ ಇದಕ್ಕಿಂತ ಬಹಳ ಕಡಿಮೆಗೆ ಒಪ್ಪಿಕೊಳ್ಳುತ್ತವೆ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಗೇಟ್ಸ್ ಫೌಂಡೇಶನ್ ಕೊಡುವ ಪರೋಕ್ಷ ವೆಚ್ಚದ ಮಿತಿ ನೂರಕ್ಕೆ 10. ಬಾಕಿ 45ನ್ನು ಏನು ಮಾಡುತ್ತಾರೆ? ಇದಕ್ಕೆ ಕೆಲವು ದಾರಿಗಳಿವೆ. ಮೊದಲನೆಯದು, ಮಿತಿ ಎಲ್ಲರಿಗೂ ಒಂದೇ ಎಂದು ಸಂಸ್ಥೆ ಬರಹದಲ್ಲಿ ಪ್ರಕಟಿಸಿದ್ದರೆ ಮಾತ್ರ ಒಪ್ಪುವುದು. ಎರಡನೆಯದು, ಸಂಸ್ಥೆ ಅನುಮತಿಸಿದರೆ ಜಾಗದ ಬಾಡಿಗೆ, ದತ್ತಾಂಶ ಸಂಗ್ರಹ, ಪ್ರಾಜೆಕ್ಟ್ ಮ್ಯಾನೇಜರ್ ಸಂಬಳ ಇಂಥವನ್ನು ನೇರ ವೆಚ್ಚದಲ್ಲೇ ತೋರಿಸುವುದು. ಮೂರನೆಯದು, ಕೊರತೆಯನ್ನು ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ ತುಂಬಿ, ಅದನ್ನು ‘ನಮ್ಮ ಪಾಲಿನ ಕೊಡುಗೆ’ ಎಂದು ಬರೆದಿಡುವುದು. ನಾಲ್ಕನೆಯದು, ಹೊರೆ ಹೆಚ್ಚಾದರೆ ಆ ಹಣವೇ ಬೇಡ ಎನ್ನುವುದು. ಐದನೆಯದೊಂದು ದಾರಿಯೂ ಇದೆ. ಅದನ್ನು ಯಾರೂ ನಿಯಮಾವಳಿಯಲ್ಲಿ ಬರೆಯುವುದಿಲ್ಲ. ಕೊರತೆಯನ್ನು ಕೆಳಗಿನವರ ಹೆಗಲಿಗೆ ದಾಟಿಸಿ ಸುಮ್ಮನಾಗುವುದು.

ಸುಮ್ಮನಾದರೆ ಏನಾಗುತ್ತದೆ ಎಂಬುದನ್ನು 2025ರ ಫೆಬ್ರುವರಿ ತೋರಿಸಿತು. ಆ ತಿಂಗಳ 7ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್), ಇನ್ನು ಮುಂದೆ ಎಲ್ಲರಿಗೂ ಪರೋಕ್ಷ ವೆಚ್ಚ ನೂರಕ್ಕೆ 15 ಮಾತ್ರ ಎಂದು ಪ್ರಕಟಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಓದಿ ನನಗೆ ಆಶ್ಚರ್ಯವಾಯಿತು. ಗೇಟ್ಸ್ ಫೌಂಡೇಶನ್‌ನಂಥ ದತ್ತಿ ಸಂಸ್ಥೆಗಳಿಂದ ನೂರಕ್ಕೆ 10, 12, 15ಕ್ಕೆ ಒಪ್ಪುವ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಏಕೆ ಹೆಚ್ಚು ಕೊಡಬೇಕು ಎಂಬುದು ಅದರ ವಾದ. ದತ್ತಿ ಹಣ ಒಟ್ಟು ಸಂಶೋಧನಾ ಹಣದಲ್ಲಿ ಸಣ್ಣ ಪಾಲು, ಅಲ್ಲಿ ಹಲವು ಖರ್ಚುಗಳನ್ನು ನೇರ ವೆಚ್ಚದಲ್ಲೇ ತೋರಿಸಲು ಬಿಡುತ್ತಾರೆ, ಉಳಿದ ಕೊರತೆಯನ್ನು ನಾವೇ ಭರಿಸುತ್ತಿದ್ದೇವೆ ಎಂದು ವಿಶ್ವವಿದ್ಯಾಲಯಗಳು ಉತ್ತರಿಸಿದವು. ಆ ಉತ್ತರ ಸರಿಯಾದದ್ದೇ. ಆದರೆ ಎಷ್ಟೋ ವರ್ಷ ಸದ್ದಿಲ್ಲದೆ ಹೊತ್ತ ಹೊರೆಯನ್ನು, ಹೊರೆಯೇ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸಲಾಯಿತು.

22 ರಾಜ್ಯಗಳು ಕೋರ್ಟಿಗೆ ಹೋದವು. ಬಾಸ್ಟನ್‌ನ ಫೆಡರಲ್ ನ್ಯಾಯಾಲಯ ಮೊದಲು ತಾತ್ಕಾಲಿಕ ತಡೆ, ಏಪ್ರಿಲ್‌ನಲ್ಲಿ ಶಾಶ್ವತ ತಡೆ ನೀಡಿತು. ಆದರೆ ಆ ಗೊಂದಲದ ವಾರಗಳಲ್ಲಿ ಪೆಟ್ಟು ತಿಂದವರು ವಿದ್ಯಾರ್ಥಿಗಳು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಕೆಲವು ದಿನ ಪಿಎಚ್‌.ಡಿ. ಪ್ರವೇಶವನ್ನೇ ನಿಲ್ಲಿಸಿತು. ಸಂಶೋಧನಾ ಹಣದ ಅನಿಶ್ಚಿತತೆಯ ಕಾರಣಕ್ಕೆ ಮ್ಯಾಸಚೂಸೆಟ್ಸ್‌ನ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಕೊಟ್ಟಿದ್ದ ಪ್ರವೇಶಗಳನ್ನೂ ಹಿಂದಕ್ಕೆ ಪಡೆಯಿತು. ನನ್ನ ಎಂ.ಎಸ್ಸಿ. ಗೆಳತಿಯೊಬ್ಬಳು ಆ ವರ್ಷ ಅಮೆರಿಕಕ್ಕೆ ಐದು ಅರ್ಜಿ ಹಾಕಿದ್ದಳು. ಅರ್ಜಿ ಶುಲ್ಕಕ್ಕೆ ಅವಳ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಎಲ್ಲಿಂದಲೂ ಕರೆ ಬರಲಿಲ್ಲ. ಬರದಿದ್ದುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಸೀಟು ಕಡಿಮೆಯಾದ ವರ್ಷದಲ್ಲಿ ಮೊದಲು ಹೊರಗುಳಿಯುವವರು ಯಾರು ಎಂಬುದು ನಮಗೆಲ್ಲ ಗೊತ್ತು.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ. ನಮ್ಮಲ್ಲಿ ನಿಜವಾದ ಖರ್ಚನ್ನು ಲೆಕ್ಕ ಹಾಕಿ ದರ ನಿಗದಿಪಡಿಸುವ ಪದ್ಧತಿಯೇ ಬೆಳೆದಿಲ್ಲ. ಕೊಟ್ಟಷ್ಟು ತೆಗೆದುಕೊಳ್ಳುತ್ತೇವೆ. ಬಂದದ್ದು ಸಾಮಾನ್ಯ ನಿಧಿಯಲ್ಲಿ ಸೇರುತ್ತದೆ, ಅಲ್ಲಿಂದ ಮುಂದೆ ಅದರ ಜಾಡು ಸಿಗುವುದಿಲ್ಲ. ಸಾಲದ ಭಾಗ ಮಾತ್ರ ಕಣ್ಣಿಗೆ ಕಾಣುತ್ತದೆ. ಖರೀದಿ ಟೆಂಡರ್‌ಗೆ ಕಾಗದ ತಯಾರಿಸುವುದು, ಜೆಮ್ ಪೋರ್ಟಲ್‌ನಲ್ಲಿ ಸರಕು ಹುಡುಕುವುದು, ಸ್ಟಾಕ್ ರಿಜಿಸ್ಟರ್ ಬರೆಯುವುದು, ಹಣ ಬಳಕೆ ಪ್ರಮಾಣಪತ್ರದ ಬೆನ್ನು ಹತ್ತಿ ಮೇಜಿನಿಂದ ಮೇಜಿಗೆ ಅಲೆಯುವುದು ಎಲ್ಲವನ್ನೂ ಪ್ರಾಜೆಕ್ಟ್ ಫೆಲೋಗಳೇ ಮಾಡುತ್ತೇವೆ. ನಾನು ಒಂದು ತಿಂಗಳು ಡೈರಿಯಲ್ಲಿ ಬರೆದಿಟ್ಟು ನೋಡಿದೆ. 24 ಕೆಲಸದ ದಿನಗಳಲ್ಲಿ ಒಂಬತ್ತು ದಿನ ನಾನು ಪೈಪೆಟ್ ಮುಟ್ಟಿರಲಿಲ್ಲ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ಆಗಿದೆ. ಸಂಶೋಧನೆಗೆಂದು ಕೊಡುವ ಆ ಹಣದಲ್ಲಿ ಮೂರನೇ ಒಂದು ಭಾಗ ಗುಮಾಸ್ತೆಯ ಕೆಲಸಕ್ಕೆ ಹೋದರೆ, ಅದೇ ಅಲ್ಲವೇ ಪರೋಕ್ಷ ವೆಚ್ಚ? ಅದು ಯಾವ ಹೆಡ್‌ನಲ್ಲೂ ಬರೆದಿಲ್ಲ, ಅಷ್ಟೇ.

ಎರಡನೇ ವರ್ಷದ ಕಂತು ತಡವಾದಾಗ ನಾಲ್ಕು ತಿಂಗಳು ನನಗೆ ಫೆಲೋಶಿಪ್ ಬರಲಿಲ್ಲ. ಪಿ.ಜಿ. ಬಾಡಿಗೆಗೆ ಅಣ್ಣನ ಮುಂದೆ ಕೈಚಾಚಿದೆ. ಓವರ್‌ಹೆಡ್‌ನ ಒಂದು ಪಾಲನ್ನು ಮೀಸಲು ನಿಧಿಯಾಗಿ ಇಟ್ಟಿದ್ದರೆ ಇಂಥ ತಿಂಗಳುಗಳಲ್ಲಿ ಮುಂಗಡ ಕೊಟ್ಟು, ಕಂತು ಬಂದ ಮೇಲೆ ವಾಪಸ್ ತುಂಬಿಕೊಳ್ಳಬಹುದಿತ್ತು.

ಇಷ್ಟೆಲ್ಲ ಸಿಟ್ಟಿನಲ್ಲಿ ನಾನು ಒಂದು ದಿನ ಹಣಕಾಸು ವಿಭಾಗದಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಲ್ಲಿ ಹೊರಗುತ್ತಿಗೆಯ ಮೇಲೆ ಕೆಲಸ ಮಾಡುವ, ನನ್ನದೇ ವಯಸ್ಸಿನ ಬಿ.ಕಾಂ. ಓದಿದ ಹುಡುಗಿಯೊಬ್ಬಳಿದ್ದಾಳೆ. ಅವಳು ಎದ್ದು ಕಪಾಟು ತೆರೆದು ತೋರಿಸಿದಳು. ‘ನೋಡ್ರಿ ಮೇಡಂ, ಇಷ್ಟೂ ಪ್ರಾಜೆಕ್ಟಿನ ಫೈಲು. ನೋಡೋರು ಇಬ್ಬರೇ. ಓವರ್‌ಹೆಡ್ ನಾವು ತಿಂತೀವಿ ಅನ್ಕೊಂಡೀರೇನು? ಆ ನಿಧಿಯಿಂದನ ನನ್ನ ಪಗಾರ ಆಗೋದು. ಅದೂ ಮೂರು ತಿಂಗಳಿಗೊಮ್ಮೆ’ ಎಂದಳು. ನನ್ನ ಬಾಯಿ ಕಟ್ಟಿತು. ಅಲ್ಲಿಯವರೆಗೆ ನಾನು ಓವರ್‌ಹೆಡ್ ಎಂದರೆ ನಮ್ಮ ಹಣವನ್ನು ಯಾರೋ ಹೊಡೆಯುವುದು ಎಂದೇ ತಿಳಿದಿದ್ದೆ. ಹತ್ತು ಸಾಲದ್ದಕ್ಕೆ ಅವಳ ಪಗಾರವೂ ತಡ, ನನ್ನ ಫೈಲೂ ತಡ. ಒಂದೇ ಕೊರತೆಯ ಎರಡು ತುದಿಗಳಲ್ಲಿ ನಿಂತು ನಾವಿಬ್ಬರೂ ಜಗಳ ಆಡುತ್ತಿದ್ದೆವು.

ಹಾಗಾಗಿ ಓವರ್‌ಹೆಡ್ ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ. ಮಿತಿ ಹಾಕಿದ ಮಾತ್ರಕ್ಕೆ ಖರ್ಚು ಇಲ್ಲವಾಗುವುದಿಲ್ಲ, ಬೇರೆಯವರ ಜೇಬಿಗೆ ಕೈಹಾಕುತ್ತದೆ. ಆ ಜೇಬು ಯಾರದೆಂದು ಬರೆದಿಡುವವರೆಗೂ ಹತ್ತೇ ಸಾಕು ಎಂಬ ಭ್ರಮೆ ಮುಂದುವರಿಯುತ್ತದೆ. ಕೊರತೆಯನ್ನು ಲೆಕ್ಕದಲ್ಲಿ ಕಾಣಿಸಿ ಎಂಬುದೇ ನನ್ನ ಬೇಡಿಕೆ.

ಧನಸಹಾಯ ಕೊಡುವ ಸಂಸ್ಥೆಗಳು ಎಲ್ಲಕ್ಕೂ ಒಂದೇ ದರ ಎನ್ನುವ ಬದಲು, ಡೀಪ್ ಫ್ರೀಜರ್ ನಡೆಸುವ ಲ್ಯಾಬಿಗೂ ಹಸ್ತಪ್ರತಿ ಓದುವ ವಿಭಾಗಕ್ಕೂ ಖರ್ಚು ಬೇರೆ ಎಂಬುದನ್ನು ಒಪ್ಪಬೇಕು. ವಿಶ್ವವಿದ್ಯಾಲಯಗಳು ವರ್ಷಕ್ಕೊಮ್ಮೆ ಒಂದು ಪುಟದ ಲೆಕ್ಕ ಪ್ರಕಟಿಸಲಿ. ಓವರ್‌ಹೆಡ್ ಎಷ್ಟು ಬಂತು, ಯಾವುದಕ್ಕೆ ಹೋಯಿತು, ನಿಜವಾಗಿ ಎಷ್ಟು ಬೇಕಿತ್ತು. ಕೆಲವು ರಾಷ್ಟ್ರೀಯ ಸಂಸ್ಥೆಗಳಲ್ಲಿ ಓವರ್‌ಹೆಡ್‌ನ ಒಂದು ಪಾಲು ವಿಭಾಗಕ್ಕೂ ಪ್ರಾಧ್ಯಾಪಕರ ನಿಧಿಗೂ ಹೋಗುತ್ತದೆ. ನಮ್ಮಲ್ಲೂ ಅಂಥ ನಿಯಮವಿದ್ದಿದ್ದರೆ ಜನರೇಟರ್‌ನಲ್ಲಿ ಡೀಸೆಲ್ ಇರುತ್ತಿತ್ತು.

ಸರ್ಕಾರವೇ ಪೂರ್ತಿ ಖರ್ಚು ಕೊಡಲಿ ಎಂದರೆ ಒಟ್ಟು ಪ್ರಾಜೆಕ್ಟ್‌ಗಳ ಸಂಖ್ಯೆ ಕಡಿಮೆಯಾಗಿ ನಮ್ಮಂಥವರಿಗೇ ಕೆಲಸ ತಪ್ಪುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಒಂದಷ್ಟು ಪ್ರಾಜೆಕ್ಟ್ ಕಡಿಮೆಯಾಗಬಹುದು. ಆದರೆ ಹಾಳಾದ ಮಾದರಿಯಿಂದ ಪ್ರಬಂಧವೂ ಬರುವುದಿಲ್ಲ, ರೈತರಿಗೆ ಉತ್ತರವೂ ಸಿಗುವುದಿಲ್ಲ. ಅರ್ಧ ನಡೆದ ಹತ್ತು ಪ್ರಾಜೆಕ್ಟ್‌ಗಳಿಗಿಂತ ಪೂರ್ತಿ ನಡೆದ ಎಂಟು ನನಗೆ ಲೇಸು ಎನಿಸುತ್ತದೆ.

ಇದು ಇನ್ನಷ್ಟು ಮುಖ್ಯವಾಗುವ ಕಾಲ ಬರುತ್ತಿದೆ. 2023ರ ಕಾಯ್ದೆಯಂತೆ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಯ ಅಂದಾಜು ಇಟ್ಟುಕೊಂಡಿದೆ. ಅದರಲ್ಲಿ ದೊಡ್ಡ ಪಾಲು ಖಾಸಗಿ ಮತ್ತು ದತ್ತಿ ಮೂಲಗಳಿಂದ ಬರಬೇಕು. ಅವರೂ ತಮ್ಮ ತಮ್ಮ ಮಿತಿಗಳನ್ನು ಹೊತ್ತು ತರುತ್ತಾರೆ. ಅಷ್ಟರೊಳಗೆ ನಮ್ಮ ವಿಶ್ವವಿದ್ಯಾಲಯಗಳು ತಮ್ಮ ನಿಜವಾದ ಖರ್ಚನ್ನು ತಿಳಿದುಕೊಂಡಿರದಿದ್ದರೆ ‘ಇಷ್ಟು ಸಾಲದು’ ಎಂದು ಯಾವ ಬಾಯಿಂದ ಹೇಳುತ್ತವೆ?

ನಾವು ಮಾಡಬಹುದಾದದ್ದೂ ಇದೆ. ಪ್ರಾಜೆಕ್ಟ್ ಫೆಲೋ ಸಂದರ್ಶನಕ್ಕೆ ಹೋದಾಗ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ನಾವು ‘ಇಲ್ಲ ಸರ್’ ಎಂದು ಎದ್ದು ಬರುತ್ತೇವೆ. ಇನ್ನು ಮುಂದೆ ಕೇಳಿ. ಕಂತು ತಡವಾದರೆ ಫೆಲೋಶಿಪ್‌ಗೆ ಮುಂಗಡ ಕೊಡುವ ವ್ಯವಸ್ಥೆ ಇದೆಯೇ? ಖರೀದಿ ಮತ್ತು ಲೆಕ್ಕದ ಕೆಲಸ ಯಾರು ಮಾಡುತ್ತಾರೆ? ಲ್ಯಾಬ್‌ಗೆ ಪವರ್ ಬ್ಯಾಕಪ್ ಇದೆಯೇ, ಅದರ ಖರ್ಚು ಯಾರದು? ಕೇಳಿದ್ದಕ್ಕೆ ಕೆಲಸ ತಪ್ಪಿದರೆ ಏನು ಗತಿ ಎಂಬ ಅಳುಕು ನನಗೂ ಇತ್ತು. ವಿನಯದಿಂದ ಕೇಳಿದರೆ ಒಳ್ಳೆಯ ಗೈಡ್‌ಗಳು ಬೇಸರ ಮಾಡಿಕೊಳ್ಳುವುದಿಲ್ಲ, ಅವರೂ ಇದೇ ಕಷ್ಟದಲ್ಲಿ ಇರುವವರು. ಸೇರಿದ ಮೇಲೆ ಮಾಹಿತಿ ಹಕ್ಕು ಇದ್ದೇ ಇದೆ. 10 ರೂಪಾಯಿ ಶುಲ್ಕ, 150 ಪದಗಳೊಳಗೆ ಒಂದು ಅರ್ಜಿ, 30 ದಿನದ ಗಡುವು. ನಾನು ಹಾಕಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ಕಳೆದ ವಾರ ಮೇಡಂ ಹೊಸ ಪ್ರಸ್ತಾವ ಬರೆಯಲು ಕುಳಿತರು. ಬಜೆಟ್ ಪಟ್ಟಿಯಲ್ಲಿ ‘ಮಾದರಿ ಸಂರಕ್ಷಣೆ ಮತ್ತು ಪವರ್ ಬ್ಯಾಕಪ್’ ಎಂಬ ಸಾಲನ್ನು ನೇರ ವೆಚ್ಚದಲ್ಲೇ ಸೇರಿಸೋಣ ಎಂದೆ. ‘ತಜ್ಞರ ಸಮಿತಿ ಹೊಡೆದು ಹಾಕಿಬಿಟ್ಟರೆ?’ ಎಂದರು. ಹೊಡೆದು ಹಾಕಿದರೆ ಹಾಕಲಿ, ಖರ್ಚು ಇದೆ ಎಂದು ಒಬ್ಬರಾದರೂ ಓದಿದಂತಾಗುತ್ತದೆ ಎಂದೆ. ಮೇಡಂ ಒಂದು ಕ್ಷಣ ಯೋಚಿಸಿ ಆ ಸಾಲನ್ನು ಟೈಪ್ ಮಾಡಿದರು. ಮುಂದಿನ ಕಾಲಂನಲ್ಲಿ ವರ್ಷಕ್ಕೆ 46 ಸಾವಿರ ಎಂದು ನಾನೇ ತುಂಬಿದೆ.